ಬರ್ಲಿನ್ನಿಗೆ ಹೋದ ಹಾಸನದ ಹುಳಿಪುಡಿ

ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಆಸುಪಾಸಿನಲ್ಲಿರುವ ಮನೆತಿಂಡಿ ಅಂಗಡಿಯೊಂದರಲ್ಲಿ, ವಿದೇಶಕ್ಕೆ ಓದಲು ಹೊರಟವರಿಗೆಂದೇ ಹುಳಿಪುಡಿ, ಸಾರಿನಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಕಾಫಿಪುಡಿಗಳನ್ನು ಒಟ್ಟಾಗಿ ಕಟ್ಟಿಕೊಡುತ್ತಾರೆ. ವಿನಿಮಯ ವಿದ್ಯಾರ್ಥಿನಿಯಾಗಿ ಒಂದು ಸೆಮಿಸ್ಟರ್ ಬರ್ಲಿನ್ನಿನಲ್ಲಿದ್ದಾಗ ನಾನು ಬಳಸಿದ್ದು ಇವನ್ನೇ. ಹಾಸ್ಟೆಲ್ಲಿನಲ್ಲಿ ಎಲ್ಲರಿಗೂ ಸೇರಿದ ಅಡುಗೆಮನೆಯಲ್ಲಿ ಸರದಿ ಕಾದು ಬೇಯಿಸಿಕೊಳ್ಳುವವರ ಕಣ್ಣಿನಿಂದ ಈ ವಿಮರ್ಶೆಯನ್ನು ಬರೆದಿದ್ದೇನೆ.

ಎಲ್ಲಕ್ಕಿಂತ ಮೇಲಾದದ್ದು ಹುಳಿಪುಡಿ. ಕುಕ್ಕರ್ ಇಲ್ಲದೆ ತೊಗರಿಬೇಳೆ ಬೇಯುವ ತನಕ ಒಲೆ ಹಿಡಿದು ನಿಂತರೆ ಪಕ್ಕದವರು ಮುಖ ಸಿಂಡರಿಸುತ್ತಾರೆ. ಅಲ್ಲಿನ ಸಾಮಾನ್ಯ ಸೂಪರ್‌ಮಾರ್ಕೆಟ್ಟುಗಳಲ್ಲಿಯೇ ಸಿಗುವ ಕೆಂಪು ಮಸೂರಬೇಳೆಯಾದರೆ ಬರಿಯ ಪಾತ್ರೆಯಲ್ಲಿ ಕಾಲು ಗಂಟೆಯೊಳಗೆ ಕರಗಿಬಿಡುತ್ತದೆ. ಅದಕ್ಕೆ ಕ್ಯಾರೆಟ್, ಹುಣಸೆರಸ, ಎರಡು ಚಮಚ ಪುಡಿ ಬಿದ್ದರೆ ಹುಳಿ ಸಿದ್ಧ. ಕೊಬ್ಬರಿಯನ್ನು ಹದವಾಗಿ ಹುರಿದು ಸೇರಿಸಿರುವುದರಿಂದ ಕಾಯಿ ರುಬ್ಬುವ ತಾಪತ್ರಯವಿಲ್ಲ.

ಗೊಜ್ಜಿಗೆ ಮೊದಲೇ ಒಗ್ಗರಣೆ ಹಾಕಿರುವುದು ದೊಡ್ಡ ಉಪಕಾರ. ಒಣಮೆಣಸಿನಕಾಯಿಯ ಘಾಟು ಕಾರಿಡಾರಿನ ತುಂಬ ಹರಡಿ ಹೊಗೆಯ ಅಲಾರಂ ಬಡಿದುಕೊಳ್ಳುತ್ತದೆಂಬ ಹೆದರಿಕೆ ಇರುವುದಿಲ್ಲ. ಜರ್ಮನಿಯಲ್ಲಿ ಭಾನುವಾರ ಬಹುತೇಕ ಅಂಗಡಿಗಳು ಮುಚ್ಚಿರುತ್ತವೆ, ಮೆನ್ಸಾ ಎಂದು ಕರೆಯುವ ನಮ್ಮ ವಿಶ್ವವಿದ್ಯಾಲಯದ ಕ್ಯಾಂಟೀನಿಗೂ ಅಂದು ರಜೆ. ಆ ದಿನದ ಊಟವನ್ನು ಬಹುಪಾಲು ಈ ಗೊಜ್ಜೇ ನಡೆಸಿತು.

ಸಾರಿನಪುಡಿ ಸಾಧಾರಣ. ಚಟ್ನಿಪುಡಿಯ ರುಚಿಯೇನೋ ಚೆನ್ನ, ಆದರೆ ಡಬ್ಬಿ ತೆರೆದರೆ ಅದರ ಬೆಳ್ಳುಳ್ಳಿ ಇಡೀ ಮಹಡಿಗೆ ತಿಳಿಯುತ್ತದೆ. ಕಾಫಿಪುಡಿಯ ಡಿಕಾಕ್ಷನ್ ಅಲ್ಲಿ ಸಪ್ಪೆಯಾಗಿ ಇಳಿಯುತ್ತಿತ್ತು. ಬರ್ಲಿನ್ನಿನ ನಲ್ಲಿನೀರು ಗಡಸು; ಆ ಅಪವಾದವನ್ನು ನಾನು ಅಂಗಡಿಯ ಮೇಲೆ ಹೊರಿಸಲಾರೆ.

ಹೊರಿಸಬೇಕಾದದ್ದು ಬೇರೆಯೇ ಇದೆ. ಭಾರತದಿಂದ ಹೋಗುವ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಕ್ಕೆ ತರುವಂತಿಲ್ಲ. ಹಾಗಿದ್ದರೂ ಅಂಗಡಿಯವರು "ತಗೊಂಡ್ಹೋಗಮ್ಮ, ಅಲ್ಲಿ ಯಾರೂ ಕೇಳಲ್ಲ" ಎಂದು ತುಪ್ಪದ ಬಾಟಲಿಯನ್ನು ಮುಂದಿಟ್ಟರು. ವಿದ್ಯಾರ್ಥಿಗಳಿಗೆಂದೇ ವ್ಯಾಪಾರ ಮಾಡುವವರು ಈ ನಿಯಮವನ್ನು ತಿಳಿದಿರಬೇಡವೇ? ಪೊಟ್ಟಣಗಳ ಮೇಲೆ ಪದಾರ್ಥಗಳ ವಿವರ ಇಂಗ್ಲಿಷಿನಲ್ಲಿ ಇಲ್ಲದಿರುವುದೂ ಕೊರತೆಯೇ. ಕಂದು ಬಣ್ಣದ ಪುಡಿ ಏನೆಂದು ಸುಂಕದ ಅಧಿಕಾರಿ ಕೇಳಿದರೆ ತೋರಿಸಲು ಒಂದು ಚೀಟಿಯಾದರೂ ಬೇಕು.

ಬೆಲೆ ಮಾರುಕಟ್ಟೆಗಿಂತ ಕೊಂಚ ಹೆಚ್ಚಾದರೂ ಹುಳಿಪುಡಿ ಮತ್ತು ಗೊಜ್ಜಿಗೆ ಕೊಡಬಹುದು. ಗೊಜ್ಜಿನ ಪೊಟ್ಟಣದ ಅಂಚಿನಲ್ಲಿ ಎಣ್ಣೆ ಜಿನುಗುವುದರಿಂದ ಇನ್ನೊಂದು ಕವರಿನಲ್ಲಿ ಸುತ್ತಿಸಿಕೊಂಡು, ಕೈಚೀಲದಲ್ಲಿ ಇಡದೆ ಚೆಕ್-ಇನ್ ಸೂಟ್‌ಕೇಸಿಗೇ ಹಾಕಬೇಕು.