ರೇಡ್ ಕಾರ್ಡ್ ಹಿಂದಿನ ಡಿಸ್ಕ್‌ಗಳ ಮೇಲೆ ಕಣ್ಣಿಡಲು ಸ್ಮಾರ್ಟ್‌ಮಾನ್‌ಟೂಲ್ಸ್: ದೀರ್ಘ ಬಳಕೆಯ ವಿಮರ್ಶೆ

ರೇಡ್ ಕಾರ್ಡ್ ಹಲವು ಡಿಸ್ಕ್‌ಗಳನ್ನು ಒಂದಾಗಿ ಕೂಡಿಸಿದ ಗುಂಪು, ಅಂದರೆ ಅರೇ, ‘ಆಪ್ಟಿಮಲ್’ (ಸುಸ್ಥಿತಿ) ಎಂದು ತೋರಿಸುತ್ತಿದೆ ಎಂದಮಾತ್ರಕ್ಕೆ ಅದರೊಳಗಿನ ಡಿಸ್ಕ್‌ಗಳು ಚೆನ್ನಾಗಿವೆ ಎಂದು ನಂಬಬೇಡಿ. ಮೆಗಾರೇಡ್ ಜಾತಿಯ ಕಾರ್ಡ್‌ಗಳು ಸಾಮಾನ್ಯವಾಗಿ 168 ಗಂಟೆಗೊಮ್ಮೆ ಪ್ಯಾಟ್ರೋಲ್ ರೀಡ್, ಅಂದರೆ ಡಿಸ್ಕ್‌ಗಳನ್ನು ಓದಿ ನೋಡುವ ತಪಾಸಣೆ, ನಡೆಸುತ್ತವೆ. ಓದಲಾಗದ ಸೆಕ್ಟರ್ (ಡಿಸ್ಕ್‌ನ ಪುಟ್ಟ ತುಣುಕು) ಸಿಕ್ಕರೆ ಉಳಿದ ಡಿಸ್ಕ್‌ಗಳ ನೆರವಿನಿಂದ ಡೇಟಾ ಲೆಕ್ಕಹಾಕಿ ಮತ್ತೆ ಬರೆಯುತ್ತವೆ, ಡಿಸ್ಕ್ ಆ ಸೆಕ್ಟರನ್ನು ಬೇರೆಡೆಗೆ ಬದಲಿಸಿಕೊಳ್ಳುತ್ತದೆ. ಆಪರೇಟಿಂಗ್ ಸಿಸ್ಟಮ್‌ಗೆ ಇದರ ಸುಳಿವೇ ಸಿಗುವುದಿಲ್ಲ. ಒಂದು ಡಿಸ್ಕ್ ಹೋದರೂ ತಡೆಯುವ ರೇಡ್ 5 ಜೋಡಣೆಯಲ್ಲಿ ಒಂದು ಡಿಸ್ಕ್ ಸತ್ತು ರೀಬಿಲ್ಡ್ (ಬದಲಿ ಡಿಸ್ಕ್‌ಗೆ ಡೇಟಾ ಮರುತುಂಬುವುದು) ನಡೆಯುವಾಗ ಇನ್ನೊಂದರಲ್ಲಿ ಓದಲಾಗದ ಸೆಕ್ಟರ್ ಎದುರಾದರೆ ಆ ಭಾಗದ ಡೇಟಾ ಹೋದಂತೆಯೇ. ಹಾಗಾಗಿ ಪ್ರತಿ ಡಿಸ್ಕ್‌ನ ಸ್ಥಿತಿಯನ್ನೂ ಬೇರೆಬೇರೆಯಾಗಿ ನೋಡಲೇಬೇಕು. ಆ ಕೆಲಸಕ್ಕೆ ಲಿನಕ್ಸ್‌ನಲ್ಲಿ ಸ್ಮಾರ್ಟ್‌ಮಾನ್‌ಟೂಲ್ಸ್‌ಗಿಂತ ಒಳ್ಳೆಯ ಉಚಿತ ಸಾಧನ ಕಾಣೆ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ‘ಸ್ಮಾರ್ಟ್’ ಅಂಕಿಗಳನ್ನು ಇದು ಓದುತ್ತದೆ: ಸ್ಮಾರ್ಟ್‌ಸಿಟಿಎಲ್ ಕೈಯಾರೆ ನೋಡುವ ಕಮಾಂಡ್, ಸ್ಮಾರ್ಟ್‌ಡಿ ಹಿನ್ನೆಲೆಯಲ್ಲಿ ಓಡುವ ಕಾವಲುಗಾರ. ಆದರೆ ರೇಡ್ ಕಾರ್ಡ್ ಅಡ್ಡ ಬಂದಾಗ ಅದು ಹಾಕಿದ ಕೂಡಲೇ ತಾನಾಗಿ ನಡೆಯುವ ಸಾಧನವಲ್ಲ.

ಅರೇಯನ್ನು ಒಂದೇ ಡಿಸ್ಕ್‌ನಂತೆ ಕಾರ್ಡ್ ತೋರಿಸುವ ಎಸ್‌ಡಿಎ ಎಂಬ ವರ್ಚುವಲ್ ಡಿಸ್ಕ್ ಮೇಲೆ ಸ್ಮಾರ್ಟ್‌ಸಿಟಿಎಲ್ ನೇರವಾಗಿ ಓಡಿಸಿದರೆ ಸಿಗುವುದು ಎರರ್ ಮಾತ್ರ. ‘-ಡಿ ಮೆಗಾರೇಡ್,11’ ಎಂಬಂತೆ ಕಾರ್ಡ್‌ನ ಬಗೆಯನ್ನೂ ಡಿಸ್ಕ್‌ನ ಸಂಖ್ಯೆಯನ್ನೂ ಕೊಡಬೇಕು. ಹೆಚ್ಚಿನವರು ಎಡವುವುದು ಇಲ್ಲೇ: ಆ ಸಂಖ್ಯೆ ಸ್ಲಾಟ್ ನಂಬರ್ ಅಲ್ಲ, ಕಾರ್ಡ್ ಕೊಟ್ಟ ಡಿವೈಸ್ ಐಡಿ. ಸ್ಲಾಟ್ 3ರಲ್ಲಿರುವ ಡಿಸ್ಕ್‌ನ ಡಿವೈಸ್ ಐಡಿ 11 ಆಗಿರಬಹುದು. ಮೆಗಾರೇಡ್ ಕಾರ್ಡ್‌ಗಳನ್ನು ನಿರ್ವಹಿಸುವ ಕಮಾಂಡ್ ಸ್ಟೋರ್‌ಸಿಎಲ್‌ಐ ಕೊಡುವ ಪಟ್ಟಿಯಲ್ಲಿ ‘ಡಿಐಡಿ’ ಕಾಲಮ್ ನೋಡಿ, ಇಲ್ಲವೇ ಸ್ಮಾರ್ಟ್‌ಸಿಟಿಎಲ್‌ನ ಸ್ಕ್ಯಾನ್ ಆಯ್ಕೆ ಓಡಿಸಿ. ನಂತರ ಎರಡೂ ಕಡೆಯ ಸೀರಿಯಲ್ ನಂಬರ್ ತಾಳೆ ನೋಡಿ, ಸ್ಲಾಟ್, ಡಿಐಡಿ, ಸೀರಿಯಲ್ ಮೂರನ್ನೂ ಒಂದು ಕಡೆ ಬರೆದಿಡಿ. ಎಚ್‌ಪಿ ಸ್ಮಾರ್ಟ್ ಅರೇ ಕಾರ್ಡ್‌ಗಳಲ್ಲಿ ಮೆಗಾರೇಡ್ ಬದಲು ‘ಸಿಸಿಐಎಸ್‌ಎಸ್’ ಎಂದು ಕೊಡಬೇಕು, ಎಣಿಕೆ 0ಯಿಂದ ಶುರು.

ಯಾವ ಅಂಕಿ ನೋಡಬೇಕು? ಸಾಟಾ ಡಿಸ್ಕ್‌ಗಳಲ್ಲಿ ಸ್ಮಾರ್ಟ್ ಪಟ್ಟಿಯ 5 (ಬದಲಿಸಿಕೊಂಡ ಸೆಕ್ಟರ್‌ಗಳು), 187 ಮತ್ತು 198 (ಸರಿಪಡಿಸಲಾಗದ ಎರರ್‌ಗಳು), 197 ಮುಖ್ಯ. 197 ಏರಿದೆ ಎಂದರೆ ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳಿವೆ ಎಂದರ್ಥ. 199 (ಡೇಟಾ ಸಾಗಣೆಯ ಎರರ್‌ಗಳು) ಏರುತ್ತಿದ್ದರೆ ಡಿಸ್ಕ್ ಬದಲಿಸುವ ಮೊದಲು ಕೇಬಲ್, ಬ್ಯಾಕ್‌ಪ್ಲೇನ್, ಕನೆಕ್ಟರ್ ನೋಡಿ. ಈ ಎಣಿಕೆ ರಿಪೇರಿ ಆದ ಮೇಲೂ ಸೊನ್ನೆಗೆ ಇಳಿಯುವುದಿಲ್ಲ, ಮುಂದೆ ಏರದಿದ್ದರೆ ಸಾಕು. ಸೀಗೇಟ್ ಡಿಸ್ಕ್‌ಗಳಲ್ಲಿ 1 ಮತ್ತು 7ರ ಕಚ್ಚಾ ಅಂಕಿ ಕೋಟಿಗಟ್ಟಲೆ ಕಂಡರೆ ಗಾಬರಿ ಬೇಡ, ಅವುಗಳನ್ನು ಬರೆಯುವ ರೀತಿಯೇ ಹಾಗೆ. ಸರ್ವರ್‌ಗಳಲ್ಲಿ ಬಳಸುವ ಇನ್ನೊಂದು ಬಗೆಯಾದ ಸಾಸ್ ಡಿಸ್ಕ್‌ಗಳಲ್ಲಿ ಈ ಸಂಖ್ಯೆಗಳೇ ಇರುವುದಿಲ್ಲ. ಅಲ್ಲಿ ಗ್ರೋನ್ ಡಿಫೆಕ್ಟ್ ಲಿಸ್ಟ್‌ನ (ಬಳಕೆಯಲ್ಲಿ ಕೆಟ್ಟ ಜಾಗಗಳ ಪಟ್ಟಿ) ಎಣಿಕೆ ಮತ್ತು ಸರಿಪಡಿಸಲಾಗದ ಎರರ್‌ಗಳ ಕಾಲಮ್ ನೋಡಬೇಕು. ಗ್ರೋನ್ ಡಿಫೆಕ್ಟ್ ಎಣಿಕೆಗೆ ನಿಗದಿತ ಸಮಯಕ್ಕೆ ತಾನಾಗಿ ಓಡುವ ಒಂದು ಪುಟ್ಟ ಕ್ರಾನ್ ಸ್ಕ್ರಿಪ್ಟ್ ಬರೆದು ನಿನ್ನೆಯ ಅಂಕಿಯೊಂದಿಗೆ ಹೋಲಿಸುವುದು ಮೇಲು.

ಸ್ಕ್ರಿಪ್ಟ್ ಬರೆಯುವವರಿಗೆ ಒಂದು ಎಚ್ಚರಿಕೆ. ಸ್ಮಾರ್ಟ್‌ಸಿಟಿಎಲ್ ಮುಗಿದಾಗ ಹಿಂದಿರುಗಿಸುವ ಸಂಖ್ಯೆಯಾದ ಎಕ್ಸಿಟ್ ಕೋಡ್‌ನಲ್ಲಿ ಪ್ರತಿ ಬಿಟ್‌ಗೂ ಬೇರೆ ಅರ್ಥವಿದೆ. ಬಿಟ್ 3 ಎಂದರೆ ಡಿಸ್ಕ್ ಕೈಕೊಡುತ್ತಿದೆ, ಬಿಟ್ 6 ಎಂದರೆ ಎರರ್ ಲಾಗ್‌ನಲ್ಲಿ ಯಾವತ್ತೋ ಏನೋ ದಾಖಲಾಗಿದೆ ಅಷ್ಟೇ. ‘ಸೊನ್ನೆ ಅಲ್ಲದಿದ್ದರೆ ಅಲರ್ಟ್’ ಎಂದು ಬರೆದರೆ ಹಳೆಯ ಒಂದೇ ಎರರ್‌ಗಾಗಿ ದಿನವೂ ಮೇಲ್ ಬರುತ್ತದೆ, ಕೊನೆಗೆ ಯಾರೂ ಅದನ್ನು ತೆರೆಯುವುದಿಲ್ಲ.

ಸ್ಮಾರ್ಟ್‌ಡಿ ತಾನಾಗಿ 30 ನಿಮಿಷಕ್ಕೊಮ್ಮೆ ನೋಡುತ್ತದೆ. ಕಾನ್ಫಿಗ್ ಫೈಲ್‌ನಲ್ಲಿ ಡಿಸ್ಕ್‌ಗಳನ್ನು ತಾನೇ ಹುಡುಕಲು ಹೇಳುವ ಡಿವೈಸ್‌ಸ್ಕ್ಯಾನ್ ಸಾಲನ್ನು ತೆಗೆದು ಪ್ರತಿ ಡಿಐಡಿಗೂ ಒಂದು ಸಾಲು ಕೈಯಾರೆ ಬರೆಯಿರಿ. ಹೊಸದಾಗಿ ಏರಿದಾಗ ಮಾತ್ರ ತಿಳಿಸಲು 197 ಮತ್ತು 198ರ ಕೊನೆಗೆ ಪ್ಲಸ್ ಗುರುತು ಹಾಕಿ. ಮೊದಲ ಸಲ ಟೆಸ್ಟ್ ಮೇಲ್ ಕಳುಹಿಸುವ ಆಯ್ಕೆ ಹಾಕಿ ಮೇಲ್ ತಲುಪುವುದನ್ನು ಖಚಿತಪಡಿಸಿಕೊಳ್ಳಿ, ಸರ್ವರ್‌ನಿಂದ ಹೊರಗೇ ಹೋಗದ ಅಲರ್ಟ್ ಇದ್ದೂ ಇಲ್ಲದಂತೆ. ಡಿಸ್ಕ್ ತನ್ನನ್ನೇ ಪೂರ್ತಿ ಪರೀಕ್ಷಿಸಿಕೊಳ್ಳುವ ಲಾಂಗ್ ಟೆಸ್ಟ್ ಎಲ್ಲ ಡಿಸ್ಕ್‌ಗಳಿಗೂ ಒಂದೇ ರಾತ್ರಿ ಇಡಬೇಡಿ. ದೊಡ್ಡ ಡಿಸ್ಕ್‌ಗಳಲ್ಲಿ ಅದು ಒಂದು ದಿನಕ್ಕೂ ಮೀರಿ ಎಳೆಯುತ್ತದೆ, ಜೊತೆಗೆ ಪ್ಯಾಟ್ರೋಲ್ ರೀಡ್ ಕೂಡಿಕೊಂಡರೆ ಅರೇ ತೆವಳುತ್ತದೆ.

ಇಷ್ಟೆಲ್ಲ ಮಾಡಿದರೂ ಸ್ಮಾರ್ಟ್ ಅಂಕಿಗಳು ಪೂರ್ತಿ ರಕ್ಷಣೆ ಕೊಡುವುದಿಲ್ಲ. 2007ರಲ್ಲಿ ಗೂಗಲ್ ಎಂಜಿನಿಯರ್‌ಗಳು ಪ್ರಕಟಿಸಿದ ಅಧ್ಯಯನದಲ್ಲಿ, ಕೆಟ್ಟ ಡಿಸ್ಕ್‌ಗಳ ಪೈಕಿ ಶೇ. 36ಕ್ಕೂ ಹೆಚ್ಚು ಡಿಸ್ಕ್‌ಗಳು ತಾಪಮಾನ ಬಿಟ್ಟರೆ ಬೇರಾವ ಸ್ಮಾರ್ಟ್ ಸೂಚನೆಯನ್ನೂ ತೋರಿಸಿರಲಿಲ್ಲ. ಅದೇ ಅಧ್ಯಯನದ ಇನ್ನೊಂದು ಮುಖ: ಮೊದಲ ಸ್ಕ್ಯಾನ್ ಎರರ್ (ಮೇಲ್ಮೈ ತಪಾಸಣೆಯಲ್ಲಿ ಸಿಕ್ಕ ದೋಷ) ಕಂಡ ಡಿಸ್ಕ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ಅಂಥ ಎರರ್ ಇಲ್ಲದ ಡಿಸ್ಕ್‌ಗಿಂತ 39 ಪಟ್ಟು ಹೆಚ್ಚು. ಅಂದರೆ ಅಲರ್ಟ್ ಬಂದರೆ ಗಂಭೀರವಾಗಿ ತೆಗೆದುಕೊಳ್ಳಿ, ಬರಲಿಲ್ಲವೆಂದು ಬ್ಯಾಕಪ್ ಬಿಡಬೇಡಿ.

ಸ್ಟೋರ್‌ಸಿಎಲ್‌ಐ ಕೂಡ ಪಕ್ಕದಲ್ಲಿರಲಿ. ಕಾರ್ಡ್ ಎಣಿಸುವ ಮೀಡಿಯಾ ಎರರ್, ಅದರ್ ಎರರ್, ಪ್ರಿಡಿಕ್ಟಿವ್ ಫೇಲ್ಯೂರ್ ಅಂಕಿಗಳು ಮತ್ತು ಕ್ಯಾಶ್ ಬ್ಯಾಟರಿಯ ಸ್ಥಿತಿ ಸ್ಮಾರ್ಟ್‌ಸಿಟಿಎಲ್‌ನಲ್ಲಿ ಅಲ್ಲ, ಅಲ್ಲಿ ಸಿಗುತ್ತವೆ. ಬ್ಯಾಟರಿ ಕೆಟ್ಟರೆ ಕಾರ್ಡ್ ಸಾಮಾನ್ಯವಾಗಿ ರೈಟ್ ಥ್ರೂಗೆ, ಅಂದರೆ ಡಿಸ್ಕ್‌ಗೆ ಬರೆದು ಮುಗಿಯುವವರೆಗೆ ಕಾಯುವ ನಿಧಾನ ಕ್ರಮಕ್ಕೆ, ಇಳಿಯುತ್ತದೆ. ‘ಸರ್ವರ್ ಇದ್ದಕ್ಕಿದ್ದಂತೆ ನಿಧಾನ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ಇರುತ್ತದೆ. ಸ್ಟೋರ್‌ಸಿಎಲ್‌ಐ ಔಟ್‌ಪುಟ್ ಓದುವುದು ಮಾತ್ರ ತಲೆನೋವು, ಜೆಸನ್ ಆಯ್ಕೆ ಬಳಸಿದರೆ ಸ್ವಲ್ಪ ಸಲೀಸು.

ದೊಡ್ಡ ಕಿರಿಕಿರಿ ಇರುವುದು ಡಿಸ್ಕ್ ಬದಲಿಸುವಾಗ. ಹೊಸ ಡಿಸ್ಕ್‌ಗೆ ಕಾರ್ಡ್ ಬೇರೆಯೇ ಡಿಐಡಿ ಕೊಡಬಹುದು. ಹಳೆಯ ಸಾಲು ಹಾಗೇ ಉಳಿದರೆ ಸ್ಮಾರ್ಟ್‌ಡಿ ಇಲ್ಲದ ಡಿಸ್ಕನ್ನು ಹುಡುಕುತ್ತದೆ. ರೀಸ್ಟಾರ್ಟ್ ಮಾಡಿದಾಗ ‘ರಿಮೂವಬಲ್’ ಆಯ್ಕೆ ಇಲ್ಲದಿದ್ದರೆ ಶುರುವಾಗಲು ನಿರಾಕರಿಸಬಹುದು, ಆಗ ಉಳಿದ ಡಿಸ್ಕ್‌ಗಳನ್ನೂ ಯಾರೂ ನೋಡುತ್ತಿರುವುದಿಲ್ಲ. ಆದ್ದರಿಂದ ಕ್ರಮ ಹೀಗಿರಲಿ: ಸೀರಿಯಲ್ ನಂಬರ್‌ನಿಂದ ಸ್ಲಾಟ್ ಪತ್ತೆಹಚ್ಚಿ, ಸ್ಟೋರ್‌ಸಿಎಲ್‌ಐನ ‘ಸ್ಟಾರ್ಟ್ ಲೊಕೇಟ್’ನಿಂದ ಆ ಸ್ಲಾಟ್‌ನ ದೀಪ ಮಿನುಗಿಸಿ, ಡಿಸ್ಕನ್ನು ಆಫ್‌ಲೈನ್ ಮಾಡಿ ಎಳೆಯಿರಿ. ಹೊಸದನ್ನು ಹಾಕಿ ರೀಬಿಲ್ಡ್ ಶುರುವಾದ ಮೇಲೆ ಡಿಐಡಿ ಮತ್ತೆ ನೋಡಿ, ಸಾಲು ತಿದ್ದಿ, ಸ್ಮಾರ್ಟ್‌ಡಿ ರೀಸ್ಟಾರ್ಟ್ ಮಾಡಿ, ಟೆಸ್ಟ್ ಮೇಲ್ ಬರುವವರೆಗೆ ಕಾಯಿರಿ.