ಜ್ಯೂರಿ ಕೊಟ್ಟ ಪರಿಹಾರ ಸಾಲದೆ ಅಪೀಲು: ಸ್ಯಾನ್ ಹೋಸೆಯ ಒಂದು ವಕೀಲರ ಆಫೀಸು

ಕಾರ್ ಆಕ್ಸಿಡೆಂಟ್ ಕೇಸಿನಲ್ಲಿ ಜ್ಯೂರಿ (ತೀರ್ಪು ಕೊಡಲು ಕೂರಿಸುವ ಸಾಮಾನ್ಯ ಜನರ ತಂಡ) ನನ್ನ ಹೆಂಡತಿಗೆ ಆಸ್ಪತ್ರೆ ಬಿಲ್ಲಿನ ಹಣವನ್ನೇನೋ ಕೊಟ್ಟಿತು, ಅನುಭವಿಸಿದ ನೋವಿಗೆ ಮಾತ್ರ ಸೊನ್ನೆ! ಸರ್ಜರಿ ಆಗಿದೆ ಅಂತ ಒಪ್ಪಿಕೊಂಡು ನೋವೇ ಆಗಿಲ್ಲ ಅಂದರೆ ಹೇಗೆ, ಅಲ್ವಾ?

ಅಪೀಲು ಮಾತ್ರ ನಡೆಸುವ ಈ ವಕೀಲರು ಗೆಲ್ಲಿಸಿಕೊಡುತ್ತೇನೆ ಅಂತ ಸುಮ್ನೆ ಆಸೆ ತೋರಿಸಲಿಲ್ಲ, ಅದೇ ಇಷ್ಟವಾಯಿತು. ಕ್ಯಾಲಿಫೋರ್ನಿಯಾದಲ್ಲಿ ಪರಿಹಾರ ಕಡಿಮೆ ಅಂತ ನೇರ ಅಪೀಲಿಗೆ ಹೋಗುವಂತಿಲ್ಲ, ಮೊದಲು ಅದೇ ಜಡ್ಜ್ ಹತ್ತಿರ ಹೊಸ ಟ್ರಯಲ್ ಕೇಳಬೇಕು, ತೀರ್ಪು ದಾಖಲಾದ ನೋಟಿಸ್ ಕೊಟ್ಟ ಮೇಲೆ ಅದಕ್ಕೆ ಇರುವುದು 15 ದಿನ ಅಷ್ಟೇ ಅಂತ ಬಿಡಿಸಿ ಹೇಳಿದರು. ಬೇಕಿದ್ದರೆ ಆ ಜಡ್ಜೇ ಹಣ ಏರಿಸಬಹುದು, ಎದುರು ಪಾರ್ಟಿ ಒಪ್ಪದಿದ್ದರೆ ಮತ್ತೆ ಟ್ರಯಲ್. ನಮ್ಮ ಜಡ್ಜ್ ಏರಿಸಲಿಲ್ಲ, ಹೊಸ ಟ್ರಯಲೂ ಕೊಡಲಿಲ್ಲ, ಹಾಗಾಗಿ ಅಪೀಲಿಗೆ ಹೋದೆವು.

ಅಪೀಲ್ ಕೋರ್ಟಿನಲ್ಲಿ ಜ್ಯೂರಿಯೂ ಇಲ್ಲ, ಹೊಸ ಸಾಕ್ಷಿಯೂ ಇಲ್ಲ. ಮೂವರು ಜಡ್ಜುಗಳು ಹಳೇ ರೆಕಾರ್ಡನ್ನೇ ಓದುತ್ತಾರೆ. ಹಾಗಾಗಿ ಬರವಣಿಗೆಯೇ ಎಲ್ಲ, ಇವರ ಬ್ರೀಫ್ (ಕೋರ್ಟಿಗೆ ಬರೆದು ಕೊಡುವ ವಾದ) ನನಗೂ ಅರ್ಥವಾಗುವಷ್ಟು ನೇರವಾಗಿತ್ತು. ಕೇಸು ಪರಿಹಾರದ ವಿಷಯಕ್ಕಷ್ಟೇ ಹೊಸ ಟ್ರಯಲಿಗೆ ವಾಪಸ್ ಹೋಗಿದೆ.

ಫೀಸು ಗಂಟೆ ಲೆಕ್ಕ, ಜಾಸ್ತಿಯೇ. ಟ್ರಯಲ್‌ನಲ್ಲಿ ಆಡಿದ ಮಾತುಗಳನ್ನೆಲ್ಲ ಬರೆದಿಟ್ಟ ದಾಖಲೆಯ ಪ್ರತಿಗೆ ಬೇರೆ ದುಡ್ಡು ಅಂತ ತಡವಾಗಿ ಹೇಳಿದ್ದು ಬೇಜಾರು. ಫೋನಿಗಂತೂ ಸಿಗುವುದೇ ಇಲ್ಲ, ಈಮೇಲ್ ಮಾಡಿ. ಐದಕ್ಕೆ ನಾಲ್ಕು ಸ್ಟಾರ್.