ಕೈ ಜೋಮಿಗೆ ‘ನರದ ಮಾತ್ರೆ’ ಕೊಟ್ಟರೆ ಮೊದಲು ಡಬ್ಬಿಯ ಹಿಂಬದಿ ಓದಿ

ಕೈ ಜೋಮು ಹಿಡಿಯುತ್ತದೆ ಎಂದು ಹೇಳಿ ಮುಗಿಸುವುದರೊಳಗೆ ‘ನರ ವೀಕ್ ಆಗಿದೆ’ ಎಂದು ವಿಟಮಿನ್ ಮಾತ್ರೆ ಬರೆದುಕೊಡುವವರಿದ್ದಾರೆ. ಯಾವ ಬೆರಳು, ಹಗಲೋ ರಾತ್ರಿಯೋ, ಒಂದೇ ಕೈಯೋ ಎರಡೂ ಕೈಯೋ, ಏನನ್ನೂ ಕೇಳುವುದಿಲ್ಲ. ನನಗೆ ಆಗಿದ್ದು ಇದೇ. ಆ ಮಾತ್ರೆಗಳಿಂದ ಕೈ ವಾಸಿಯಾಗಲಿಲ್ಲ. ಸಾಲದ್ದಕ್ಕೆ ಚೆನ್ನಾಗಿದ್ದ ಕಾಲೂ ಕೆಟ್ಟಿತು.

ನನ್ನ ತೊಂದರೆ ಬಲಗೈಯದು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತಿದ್ದವು. ಕಿರುಬೆರಳಿಗೆ ಏನೂ ಇಲ್ಲ. ನಡುರಾತ್ರಿ ಕೈ ಮರಗಟ್ಟಿ, ಸೂಜಿ ಚುಚ್ಚಿದಂತಾಗಿ ಎಚ್ಚರವಾಗುತ್ತಿತ್ತು. ಎದ್ದು ಕೈ ಕೊಡವಿದರೆ ಕಡಿಮೆಯಾಗುತ್ತಿತ್ತು. ಫೋನು ಹಿಡಿದು ಮಾತಾಡುವಾಗಲೂ ಹಾಗೇ. ಸ್ವಲ್ಪ ತಿಳಿದವರಿಗೆ ಇಷ್ಟು ಕೇಳಿದರೇ ಕಾಯಿಲೆಯ ಹೆಸರು ಹೊಳೆಯುತ್ತದೆ ಎಂದು ಆಮೇಲೆ ಗೊತ್ತಾಯಿತು. ನಾನು ಹೋದ ಕ್ಲಿನಿಕ್ಕಿನಲ್ಲಿ ಕೈ ಮುಟ್ಟಿಯೂ ನೋಡಲಿಲ್ಲ. ಕುತ್ತಿಗೆಯ ಎಕ್ಸ್-ರೇ ತೆಗೆಸಿ ‘ಮೂಳೆ ಸವೆದಿದೆ’ ಎಂದರು. ನಡುವಯಸ್ಸು ದಾಟಿದ ಎಷ್ಟೋ ಜನರ ಎಕ್ಸ್-ರೇಯಲ್ಲಿ, ಯಾವ ನೋವೂ ಇಲ್ಲದವರಲ್ಲಿ ಕೂಡ, ಅಷ್ಟು ಸವೆತ ಕಾಣುತ್ತದೆ. ಅದನ್ನು ಮಾತ್ರ ಯಾರೂ ಹೇಳಲಿಲ್ಲ.

ಮೊದಲು ಒಂದು ನರದ ಮಾತ್ರೆ. ಗುಣ ಕಾಣದಿದ್ದಾಗ ಅದರ ಜೊತೆಗೆ ‘ಸ್ಟ್ರಾಂಗ್’ ಕ್ಯಾಪ್ಸೂಲ್. ಆಮೇಲೆ ಶಕ್ತಿಗೆಂದು ಅಲ್ಲೇ ಮಾರುತ್ತಿದ್ದ ಪುಡಿ. ತಿಂಗಳುಗಳು ಕಳೆದವು. ಒಂದು ಹಂತದಲ್ಲಿ ಎರಡೂ ಪಾದಗಳ ಬೆರಳ ತುದಿ ಉರಿಯತೊಡಗಿತು, ಚಪ್ಪಲಿ ಕಳಚಿ ಬಿದ್ದರೂ ಗೊತ್ತಾಗದಂತಾಯಿತು, ಕತ್ತಲಲ್ಲಿ ನಡೆದರೆ ತೂರಾಡುವಂತಾಯಿತು. ಅದನ್ನು ಹೇಳಿದ್ದಕ್ಕೆ ‘ನೋಡಿ, ನಾನು ಅವತ್ತೇ ಹೇಳಿರಲಿಲ್ವಾ ನರ ವೀಕ್ ಅಂತ’ ಎಂದು ಮಾತ್ರೆಯ ಪ್ರಮಾಣ ಹೆಚ್ಚಿಸಿದರು! ಈಗಲೂ ನೆನೆಸಿಕೊಂಡರೆ ಸಿಟ್ಟು ಬರುವುದು ಈ ಮಾತಿಗೇ.

ಕೊನೆಗೆ ಸಂಬಂಧಿಕರೊಬ್ಬರ ಒತ್ತಾಯಕ್ಕೆ ನರರೋಗ ತಜ್ಞರೊಬ್ಬರನ್ನು ಕಂಡೆ. ‘ನೀವು ನುಂಗುತ್ತಿರುವುದನ್ನೆಲ್ಲ ತನ್ನಿ, ಪುಡಿ ಡಬ್ಬಿಯನ್ನೂ ಬಿಡಬೇಡಿ’ ಎಂದರು. ಮೂರರಲ್ಲೂ ಪಿರಿಡಾಕ್ಸಿನ್ ಇತ್ತು. ಅಂದರೆ ವಿಟಮಿನ್ ಬಿ6. ಮೂರೂ ಸೇರಿ ದಿನಕ್ಕೆ 100 ಮಿಲಿಗ್ರಾಂ ದಾಟುತ್ತಿತ್ತು. ವಯಸ್ಕರಿಗೆ ದಿನಕ್ಕೆ ಬೇಕಾಗಿರುವುದು ಸುಮಾರು ಒಂದೂವರೆ ಮಿಲಿಗ್ರಾಂ ಅಷ್ಟೇ, ಅದೂ ಸಾಧಾರಣವಾಗಿ ಊಟದಲ್ಲೇ ಸಿಗುತ್ತದೆ.

ನರಕ್ಕೆ ಒಳ್ಳೆಯದೆಂದು ಕೊಡುವ ಬಿ6 ಅತಿಯಾದರೆ ನರವನ್ನೇ ಕೆಡಿಸುತ್ತದೆ. ಇದು ಹೊಸ ಸಂಗತಿಯೇನಲ್ಲ. ಗ್ರಾಂ ಲೆಕ್ಕದಲ್ಲಿ ಬಿ6 ನುಂಗಿ ನಡಿಗೆಯೇ ತಪ್ಪಿದವರ ಬಗ್ಗೆ 1983ರಲ್ಲೇ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಬಂದಿದೆ. ನಂತರದ ವರ್ಷಗಳಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಪ್ರಮಾಣವನ್ನು ಬಹುಕಾಲ ತೆಗೆದುಕೊಂಡವರಲ್ಲೂ ತೊಂದರೆ ಕಂಡಿತು. ಅಮೆರಿಕದಲ್ಲಿ ದಿನದ ಗರಿಷ್ಠ ಮಿತಿ 100 ಮಿಲಿಗ್ರಾಂ ಎಂದಿದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2023ರಲ್ಲಿ ತನ್ನ ಮಿತಿಯನ್ನು 25ರಿಂದ 12 ಮಿಲಿಗ್ರಾಂಗೆ ಇಳಿಸಿತು. ಇನ್ನೊಂದು ವಿಷಯ: ಮಾತ್ರೆ ನಿಲ್ಲಿಸಿದ ಮೇಲೂ ಕೆಲವು ವಾರ ಉರಿ, ಜೋಮು ಹೆಚ್ಚಾಗಬಹುದು. ನನಗೆ ಹಾಗೇ ಆಯಿತು. ತಜ್ಞರು ಮೊದಲೇ ಎಚ್ಚರಿಸಿದ್ದರಿಂದ ಹೆದರಿ ಮತ್ತೆ ಶುರು ಮಾಡಲಿಲ್ಲ.

ಹಾಗಾದರೆ ಕೈಗೆ ಆಗಿದ್ದೇನು? ಕಾರ್ಪಲ್ ಟನಲ್. ಮಣಿಕಟ್ಟಿನ ಒಳಬದಿಯಲ್ಲೊಂದು ಇಕ್ಕಟ್ಟಾದ ದಾರಿಯಿದೆ. ಬೆರಳು ಮಡಚುವ ಒಂಬತ್ತು ಸ್ನಾಯುರಜ್ಜುಗಳ (ಸ್ನಾಯುವನ್ನು ಮೂಳೆಗೆ ಜೋಡಿಸುವ ಹುರಿಗಳು) ಜೊತೆ ಮೀಡಿಯನ್ ಎಂಬ ನರವೂ ಅದರೊಳಗೇ ಹಾದುಹೋಗಬೇಕು. ಒಳಗೆ ಊದಿಕೊಂಡರೆ ಮೊದಲು ನರಳುವುದು ಈ ನರ. ಹೆಬ್ಬೆರಳಿನಿಂದ ಉಂಗುರ ಬೆರಳಿನ ಅರ್ಧದವರೆಗೆ ಸ್ಪರ್ಶ ಅದರ ಪಾಲಿನದು. ಕಿರುಬೆರಳು ಬೇರೆ ನರದ್ದು, ಅದಕ್ಕೇ ಅದು ಚೆನ್ನಾಗಿತ್ತು. ತಜ್ಞರು ಮಣಿಕಟ್ಟನ್ನು ಪೂರ್ತಿ ಮಡಚಿ ಹಿಡಿಯಲು ಹೇಳಿದರು, ನಿಮಿಷ ತುಂಬುವ ಮೊದಲೇ ಜೋಮು ಬಂತು. ನರದಲ್ಲಿ ಸಂಕೇತ ಎಷ್ಟು ಚೆನ್ನಾಗಿ ಹರಿಯುತ್ತದೆಂದು ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಯಲ್ಲಿ ಎರಡೂ ಖಚಿತವಾಯಿತು: ಮಣಿಕಟ್ಟಿನಲ್ಲಿ ಒತ್ತಡ, ಪಾದಗಳಲ್ಲಿ ಸ್ಪರ್ಶದ ನರಗಳಿಗೆ ಹಾನಿ.

ಹಾಗೆಂದು ಕೈ ಜೋಮು ಹಿಡಿದವರಿಗೆಲ್ಲ ಕಾರ್ಪಲ್ ಟನಲ್ ಎಂದುಕೊಳ್ಳಬೇಡಿ. ಕಿರುಬೆರಳು ಮತ್ತು ಪಕ್ಕದ ಅರ್ಧ ಬೆರಳಾದರೆ ಮೊಣಕೈ ಹತ್ತಿರ ಅಲ್ನರ್ ನರ ಒತ್ತಿರಬಹುದು. ಕುತ್ತಿಗೆಯಿಂದ ತೋಳಿಗೆ ಸೆಳೆತವಿದ್ದು, ತಲೆ ತಿರುಗಿಸಿದಾಗ ಹೆಚ್ಚಾದರೆ ಆಗ ಕುತ್ತಿಗೆಯನ್ನು ಅನುಮಾನಿಸಬೇಕು. ಸಕ್ಕರೆ ಕಾಯಿಲೆಯ ನರಹಾನಿ ಸಾಮಾನ್ಯವಾಗಿ ಪಾದದಲ್ಲಿ ಶುರುವಾಗಿ ಆಮೇಲೆ ಕೈಗೆ ಬರುತ್ತದೆ. ಥೈರಾಯ್ಡ್ ಕೊರತೆ, ಸಂಧಿವಾತ, ಗರ್ಭಾವಸ್ಥೆಯಲ್ಲೂ ಮಣಿಕಟ್ಟಿನ ನರ ಒತ್ತಬಹುದು. ಸ್ಪರ್ಶವಿಲ್ಲದ ತಿಳಿ ಬಣ್ಣದ ಮಚ್ಚೆಯೂ ಇದ್ದರೆ ಕುಷ್ಠ ಪರೀಕ್ಷೆ ಆಗಲೇಬೇಕು, ನಾಚಿಕೊಳ್ಳುವಂಥದ್ದೇನಿಲ್ಲ, ಅದಕ್ಕೆ ಪೂರ್ತಿ ಗುಣವಾಗುವ ಔಷಧಿಯಿದೆ. ಒಮ್ಮೆಲೇ ಒಂದು ಕೈ ಮರಗಟ್ಟಿ, ಬಾಯಿ ಸೊಟ್ಟಗಾಗಿ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು. ತಕ್ಷಣ ತುರ್ತು ಚಿಕಿತ್ಸೆಗೆ ಓಡಿ.

ಜೋಮಿಗೆ ವಿಟಮಿನ್ ಬಿ12 ಕೊರತೆ ನಿಜಕ್ಕೂ ದೊಡ್ಡ ಕಾರಣ. ಮಾಂಸ, ಮೊಟ್ಟೆ, ಹಾಲು ತಿನ್ನದವರಿಗೆ, ವರ್ಷಗಟ್ಟಲೆ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಅಥವಾ ಆಮ್ಲ ತಗ್ಗಿಸುವ ಮಾತ್ರೆ ನುಂಗುವವರಿಗೆ ಇದು ಬರಬಹುದು. ಹಿಮೋಗ್ಲೋಬಿನ್ ಸರಿಯಿದ್ದರೂ ಬಿ12 ಕೊರತೆ ನರವನ್ನು ಕೆಡಿಸುತ್ತಿರಬಹುದು. ಆದ್ದರಿಂದ ರಕ್ತ ಪರೀಕ್ಷೆ ಮೊದಲು, ಮಾತ್ರೆ ಆಮೇಲೆ. ಮಾತ್ರೆ ಶುರುವಾದ ಮೇಲೆ ಪರೀಕ್ಷಿಸಿದರೆ ಅಂಕಿ ಮೇಲೇರಿ, ಮೊದಲು ಕೊರತೆಯಿತ್ತೋ ಇಲ್ಲವೋ ತಿಳಿಯುವುದು ಕಷ್ಟ. ಕೊರತೆ ಇದ್ದರೆ ಬಿ12 ಮಾತ್ರ ಇರುವ ಇಂಜೆಕ್ಷನ್, ಮಾತ್ರೆಗಳೂ ಸಿಗುತ್ತವೆ. ಎಲ್ಲ ವಿಟಮಿನ್ನೂ ಸೇರಿಸಿದ್ದೇ ಬೇಕೆಂದಿಲ್ಲ.

ಕಾರ್ಪಲ್ ಟನಲ್ ಚಿಕಿತ್ಸೆ ಅಷ್ಟೇನೂ ದೊಡ್ಡದಲ್ಲ. ಆರಂಭದಲ್ಲಿ ರಾತ್ರಿ ಮಣಿಕಟ್ಟು ನೇರವಾಗಿರುವಂತೆ ಸ್ಪ್ಲಿಂಟ್ (ಆಧಾರದ ಪಟ್ಟಿ) ಕಟ್ಟಿಕೊಂಡು ಮಲಗಿದರೇ ಹಲವರಿಗೆ ಆರಾಮ. ಸ್ಟೀರಾಯ್ಡ್ ಇಂಜೆಕ್ಷನ್ ಕೆಲಕಾಲ ಉಪಶಮನ ಕೊಡುತ್ತದೆ. ಹೆಬ್ಬೆರಳ ಬುಡದ ಮಾಂಸ ಕರಗತೊಡಗಿದರೆ, ಹಿಡಿದದ್ದು ಕೈಜಾರುತ್ತಿದ್ದರೆ ಕಾಯಬಾರದು, ಆ ಸ್ನಾಯು ಪೂರ್ತಿ ಸೊರಗಿದರೆ ಮತ್ತೆ ತುಂಬಿಕೊಳ್ಳದೇ ಇರಬಹುದು. ನಾನು ತಲುಪಿದ್ದು ಆ ಅಂಚಿಗೆ. ಸ್ಥಳೀಯ ಅರಿವಳಿಕೆ ಕೊಟ್ಟು ದಾರಿಯ ಮೇಲಿನ ಪಟ್ಟಿಯನ್ನು ಕತ್ತರಿಸಿದರು. ರಾತ್ರಿಯ ಜೋಮು ಬೇಗ ಹೋಯಿತು, ಹಿಡಿತ ನಿಧಾನವಾಗಿ ಬಂತು. ಪಾದದ ಉರಿಗೆ ಪ್ರಿಗ್ಯಾಬಲಿನ್ ಕೊಟ್ಟರು. ತೂಕಡಿಕೆ ತರುತ್ತದೆ, ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸುವಂತಿಲ್ಲ, ನರವನ್ನು ರಿಪೇರಿ ಮಾಡುವುದೂ ಇಲ್ಲ, ನೋವನ್ನಷ್ಟೇ ತಗ್ಗಿಸುತ್ತದೆ. ಉರಿ ಈಗ ಬಹಳ ಕಡಿಮೆ. ಕಾಲ್ಬೆರಳ ತುದಿಯ ಮರಗಟ್ಟುವಿಕೆ ಹೋಗಿಲ್ಲ, ಹೋಗುತ್ತದೆಂದು ತಜ್ಞರೂ ಮಾತು ಕೊಟ್ಟಿಲ್ಲ.

ನರದ ಮಾತ್ರೆ ಯಾವ ಕಂಪನಿಯದೇ ಇರಲಿ, ಡಬ್ಬಿಯ ಹಿಂಬದಿಯ ಪಟ್ಟಿಯಲ್ಲಿ ಪಿರಿಡಾಕ್ಸಿನ್ ಅಥವಾ ಬಿ6 ಎದುರು ಎಷ್ಟು ಮಿಲಿಗ್ರಾಂ ಎಂದು ನೋಡಿ, ಬೇರೆ ಡಬ್ಬಿಗಳದ್ದನ್ನೂ ಕೂಡಿಸಿ. ಎಷ್ಟು ದಿನ ತೆಗೆದುಕೊಳ್ಳಬೇಕೆಂದು ಬರೆಸಿಕೊಳ್ಳಿ. ಕ್ಷಯಕ್ಕೆ ಐಸೋನಿಯಾಜಿಡ್ ತೆಗೆದುಕೊಳ್ಳುತ್ತಿರುವವರ ವಿಷಯ ಮಾತ್ರ ಬೇರೆ. ಆ ಔಷಧಿ ದೇಹದ ಬಿ6 ಅನ್ನು ಕಡಿಮೆ ಮಾಡುವುದರಿಂದ, ನರ ಉಳಿಸಲೆಂದೇ ಸಣ್ಣ ಪ್ರಮಾಣದಲ್ಲಿ ಪಿರಿಡಾಕ್ಸಿನ್ ಜೊತೆಗೆ ಕೊಡುತ್ತಾರೆ. ನನ್ನ ಈ ಬರಹ ಓದಿ ಅದನ್ನು ನಿಲ್ಲಿಸಬೇಡಿ.